412 ಹೆಸರು, 163 ರಸೀದಿ

ಪ್ರಶ್ನೆ: ಮೂಡಿಗೆರೆ ಕಡೆಯ ಒಂದು ಹೋಬಳಿ ಮಟ್ಟದ ಕಾಫಿ ಬೆಳೆಗಾರರ ಸಂಘಕ್ಕೆ ಈ ವರ್ಷದಿಂದ ನಾನು ಕಾರ್ಯದರ್ಶಿ. ಪುಸ್ತಕದಲ್ಲಿ 412 ಸದಸ್ಯರಿದ್ದಾರೆ. ಕಳೆದ ಸಾಲಿನಲ್ಲಿ ಚಂದಾ ಕಟ್ಟಿದವರು 163. ಕಚೇರಿ ನೋಡಿಕೊಳ್ಳುವುದು ಒಬ್ಬ ಹೆಣ್ಣುಮಗಳು, ದಿನಕ್ಕೆ ನಾಲ್ಕು ಗಂಟೆ ಬರುತ್ತಾರೆ. ಸಭೆಗೆ ಬರುವವರೆಲ್ಲ ಅರವತ್ತು ದಾಟಿದವರು. ವಾಟ್ಸ್‌ಆ್ಯಪ್ ಗುಂಪಿದೆ, ಯಾರೂ ಓದುವುದಿಲ್ಲ. ಬೆಂಗಳೂರಿನ ಒಂದು ಕಂಪನಿ 1.8 ಲಕ್ಷ ರೂಪಾಯಿಗೆ ಸಂಘಕ್ಕೊಂದು ಆ್ಯಪ್ ಮಾಡಿಕೊಡುತ್ತೇವೆ ಎನ್ನುತ್ತಿದೆ. ಅಧ್ಯಕ್ಷರಿಗೆ ಮನಸ್ಸಿದೆ, ನನಗೆ ಅಳುಕು. ಸದಸ್ಯರನ್ನು ಮರಳಿ ತರುವುದು ಹೇಗೆ? ಆ್ಯಪ್ ಬೇಡವಾದರೆ ಅಧ್ಯಕ್ಷರಿಗೆ ಏನು ಹೇಳಲಿ?

ಉತ್ತರ: ಆ್ಯಪ್ ತೆಗೆದುಕೊಳ್ಳಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನೀವು ಬರೆದ ಆ ಎರಡು ಸಂಖ್ಯೆಗಳನ್ನು ನೋಡೋಣ.

412ರಲ್ಲಿ 163 ಕಳೆದರೆ ಉಳಿಯುವ 249 ಮಂದಿ ಸಂಘವನ್ನು ಬಿಟ್ಟುಹೋದರು ಎಂದು ನಿಮ್ಮ ಸಮಿತಿ ನಂಬಿಕೊಂಡಿರುವಂತಿದೆ. ನನಗೆ ನಂಬಿಕೆಯಿಲ್ಲ. ಮಲೆನಾಡಿನ ಸಂಘ ಸಂಸ್ಥೆಗಳ ಲೆಕ್ಕಪತ್ರ ನೋಡುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಸದಸ್ಯರ ಪುಸ್ತಕ ಸರಿಯಾಗಿದ್ದ ಸಂಘಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಸಕಲೇಶಪುರ ಕಡೆಯ ಒಂದು ಸಂಘದ ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆಂಪು ಬಟ್ಟೆಯ ರಟ್ಟು, ಅದರ ಮೇಲೆ ಮಳೆಗಾಲದ ಬೂಷ್ಟು. 38ನೇ ನಂಬರಿನ ಹೆಸರಿನ ಮುಂದೆ ಯಾರೋ ಪೆನ್ಸಿಲಿನಲ್ಲಿ ‘ದಿ.’ ಎಂದು ಬರೆದಿದ್ದರು. ದಿವಂಗತರು. ಫೋನ್ ನಂಬರ್ ಎಂದು ಇದ್ದದ್ದು ಹಳೆಯ ಲ್ಯಾಂಡ್‌ಲೈನಿನ ಐದು ಅಂಕಿ. ಅವರ ತೋಟ ಮೂವರು ಗಂಡುಮಕ್ಕಳಿಗೆ ಭಾಗವಾಗಿತ್ತು. ಇಬ್ಬರು ಬೆಂಗಳೂರಿನಲ್ಲಿ, ತೋಟದಲ್ಲಿ ಉಳಿದವನು ಒಬ್ಬ. ಆ ಒಬ್ಬನೇ 371ನೇ ನಂಬರಿನಲ್ಲಿ ಹೊಸ ಸದಸ್ಯನಾಗಿ ಪ್ರತಿ ವರ್ಷ ತಪ್ಪದೆ ಚಂದಾ ಕಟ್ಟುತ್ತಿದ್ದ. ಹೀಗೆ ತೀರಿಕೊಂಡ ತಂದೆ ಬಾಕಿದಾರರ ಪಟ್ಟಿಯಲ್ಲಿ, ಮಗ ನಿಯತ್ತಿನ ಸದಸ್ಯರ ಪಟ್ಟಿಯಲ್ಲಿ. ಒಂದೇ ಮನೆ, ಒಂದೇ ತೋಟ. ಸಂಘದ ಹಳೆಯ ಜವಾನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಂಜೆ ಪುಟ ತಿರುಗಿಸಿದೆವು. ಅವನಿಗೆ ಓದು ಅಷ್ಟಕ್ಕಷ್ಟೆ, ಆದರೆ ಯಾವ ತೋಟ ಯಾರಿಗೆ ಮಾರಿಹೋಯಿತು ಎಂಬುದೆಲ್ಲ ಬಾಯಿಪಾಠ. ನಾಲ್ಕನೆಯ ದಿನದ ಹೊತ್ತಿಗೆ ಬಾಕಿದಾರರ ಪಟ್ಟಿ ಅರ್ಧಕ್ಕೆ ಇಳಿದಿತ್ತು.

ನೀವೂ ಅದನ್ನೇ ಮಾಡಿ. ಕೈಗೆ ಸಿಕ್ಕ ಹಳಬರನ್ನು ಕೂರಿಸಿಕೊಂಡು ಪ್ರತಿ ಹೆಸರಿನ ಮುಂದೆಯೂ ಒಂದು ಗುರುತು ಹಾಕಿ: ತೀರಿಕೊಂಡವರು ಅಥವಾ ಭಾಗವಾದವರು, ತೋಟ ಮಾರಿದವರು, ಊರು ಬಿಟ್ಟು ಗುತ್ತಿಗೆಗೆ ಕೊಟ್ಟವರು, ಇಲ್ಲೇ ಇದ್ದೂ ಚಂದಾ ನಿಲ್ಲಿಸಿದವರು. ನಿಜವಾಗಿ ಸಂಘ ಬಿಟ್ಟವರು ಈ ಕೊನೆಯವರು ಮಾತ್ರ. ಅವರು ಅರವತ್ತೋ ಎಂಬತ್ತೋ ಇರಬಹುದು. 249 ಮಂದಿಗೆ ಪತ್ರ ಬರೆಯುವುದು ದೊಡ್ಡ ಕೆಲಸ, ಎಂಬತ್ತು ಜನರಿಗೆ ಫೋನ್ ಮಾಡುವುದು ಹಾಗಲ್ಲ.

ಪಟ್ಟಿಯನ್ನು ಗೂಗಲ್ ಶೀಟಿನಲ್ಲಿ ಇಡಿ. ಇಲ್ಲಿ ಒಂದು ತೊಡಕು ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಪಟ್ಟಿ ಈಗಾಗಲೇ ಇದೆ ಎಂದು ಯಾರಾದರೂ ಹೇಳಿದರೆ ಅದನ್ನು ಮೊಬೈಲಿಗೆ ಕಳುಹಿಸಿ ತೆರೆದು ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾಗಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದರಲ್ಲಿ ಹೆಸರು ಹುಡುಕಲಾಗದು, ಅಕಾರಾದಿಯಲ್ಲಿ ಜೋಡಿಸಲೂ ಆಗದು. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಿ. ಸದಸ್ಯ ಸಂಖ್ಯೆ, ಹೆಸರು, ತೋಟ ಈಗ ನೋಡಿಕೊಳ್ಳುತ್ತಿರುವವರ ಹೆಸರು, ಗ್ರಾಮ, ಮೊಬೈಲ್, ಕೊನೆಯ ಚಂದಾ ಕಟ್ಟಿದ ದಿನಾಂಕ. ಇಷ್ಟು ಕಲಮು ಸಾಕು. ರಕ್ತದ ಗುಂಪು, ಮದುವೆಯ ದಿನ ಎಂದು ಸೇರಿಸುತ್ತ ಹೋಗಬೇಡಿ. ತುಂಬದ ಕಲಮುಗಳಿಂದ ಪಟ್ಟಿಯ ಮೇಲಿನ ಭರವಸೆಯೇ ಹೋಗುತ್ತದೆ.

ಆ ಶೀಟ್ ಇರುವ ಇಮೇಲ್ ಖಾತೆ ಸಂಘದ ಹೆಸರಿನಲ್ಲಿರಲಿ. ಅದಕ್ಕೆ ಕೊಟ್ಟ ಸಿಮ್ಮೂ ಸಂಘದ್ದೇ ಆಗಿರಲಿ. ಹಿಂದಿನ ಕಾರ್ಯದರ್ಶಿಯ ಮಗ ತೆರೆದುಕೊಟ್ಟ ಖಾತೆ, ಆ ಹುಡುಗ ಈಗ ವಿದೇಶದಲ್ಲಿ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂಬ ಕಥೆಯನ್ನು ನಾನು ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇನೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಖಜಾಂಚಿಯ ಬೀರುವಿನಲ್ಲಿಡಿ. ಹಳೆಯ ಕಾಲದ ಉಪಾಯವೇ, ಆದರೆ ಕೆಲಸ ಮಾಡುತ್ತದೆ.

ಇನ್ನು ನಿಮ್ಮ ಕಚೇರಿಯ ಹೆಣ್ಣುಮಗಳ ವಿಷಯ. ದಿನಕ್ಕೆ ನಾಲ್ಕು ಗಂಟೆಯಂತೆ ವಾರಕ್ಕೆ ಆರು ದಿನ, ಒಟ್ಟು 24 ಗಂಟೆ. ನಿಮ್ಮ ಸಂಘದ ನಿಜವಾದ ಬಂಡವಾಳ ಅದು, ಬ್ಯಾಂಕಿನ ಠೇವಣಿಯಲ್ಲ. ಆ 24 ಗಂಟೆ ಎಲ್ಲಿ ಹೋಗುತ್ತಿದೆ ಎಂದು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವರಿಗೆ ಹೇಳಿ. ಬರೆದದ್ದನ್ನು ಓದುವಾಗ ಸಮಿತಿಯಲ್ಲಿ ಕೆಲವರ ಮುಖ ಕೆಂಪಾಗಬಹುದು. ಒಬ್ಬ ನಿರ್ದೇಶಕರ ಕರೆಂಟ್ ಬಿಲ್ಲು, ಇನ್ನೊಬ್ಬರ ಪಹಣಿ, ಮತ್ತೊಬ್ಬರ ಅಳಿಯನ ರೈಲು ಟಿಕೆಟ್ಟು ಇವೆಲ್ಲ ಸಂಘದ ಸಮಯದಲ್ಲೇ ಆಗುತ್ತಿರುತ್ತವೆ. ಹನ್ನೊಂದು ಮಂದಿ ನಿರ್ದೇಶಕರೂ ಹನ್ನೊಂದು ಕೆಲಸ ಹೇಳಿದರೆ ಆ ಮಗಳು ಯಾರ ಮಾತು ಕೇಳಬೇಕು? ಕೆಲಸ ಹೇಳುವವರು ಒಬ್ಬರೇ ಇರಬೇಕು, ಆ ಒಬ್ಬರು ನೀವು. ಮುಂದಿನ ಸಮಿತಿ ಸಭೆಯಲ್ಲೇ ಠರಾವು ಮಾಡಿಸಿ. ಈ ಒಂದು ಠರಾವಿನಿಂದ ಉಳಿಯುವ ಸಮಯ ಯಾವ ತಂತ್ರಾಂಶದಿಂದಲೂ ಉಳಿಯುವುದಿಲ್ಲ.

ಈಗ ಮುಖ್ಯ ಮಾತು. ಜನ ಯಾಕೆ ಬರಬೇಕು?

ಹಿಂದೆ ಬರುತ್ತಿದ್ದದ್ದಕ್ಕೆ ಕಾರಣವಿತ್ತು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರ ತನ್ನ ಕಾಫಿಯನ್ನು, ಎಲ್ಲರದನ್ನೂ ಒಟ್ಟು ಮಾಡಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಮುಂದಿನ ಕಂತು ಯಾವಾಗ, ಎಷ್ಟು ಎಂಬ ಸುದ್ದಿ ಬೆಂಗಳೂರಿನಿಂದ ಹೊರಟು ಸಂಘಕ್ಕೆ ಬರುತ್ತಿತ್ತು. ಬೆಳೆಗಾರ ಸಂಘಕ್ಕೆ ಬಂದು ಕೇಳಿಕೊಂಡು ಹೋಗುತ್ತಿದ್ದ. ತೊಂಬತ್ತರ ದಶಕದ ಮೊದಲಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಹೋಯಿತು. ಈಗ 50 ಕಿಲೋ ಚೀಲದ ದರ ಬೆಳಿಗ್ಗೆ ಏಳಕ್ಕೆ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಅದೇ ದರವನ್ನು ಹನ್ನೊಂದು ಗಂಟೆಗೆ ಗುಂಪಿನಲ್ಲಿ ಹಾಕುವ ಸಂಘ ಯಾರಿಗೆ ಬೇಕು? ಅನೇಕ ಸಂಘಗಳು ಮೂವತ್ತು ವರ್ಷ ಹಿಂದೆಯೇ ಮುಗಿದ ಕೆಲಸವನ್ನು ಇವತ್ತಿಗೂ ಮಾಡುತ್ತಿವೆ, ನಿಷ್ಠೆಯಿಂದ.

ನಿಮ್ಮ ಹೋಬಳಿಯ ಬಗ್ಗೆ ನಿಮಗೆ ಮಾತ್ರ ಗೊತ್ತಿರುವುದನ್ನು ಹೇಳಿ. ಒಂದು ಉದಾಹರಣೆ ಕೊಡುತ್ತೇನೆ, ಖರ್ಚಿಲ್ಲದ್ದು. ನಿಮ್ಮಲ್ಲಿ ಅನೇಕ ತೋಟಗಳಲ್ಲಿ ಮಳೆಮಾಪಕವಿದೆ. ಹಳೆಯ ತೋಟಗಳಲ್ಲಿ ಅಜ್ಜನ ಕಾಲದ ಮಳೆಯ ಪುಸ್ತಕವೂ ಇರುತ್ತದೆ, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು). ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೂಮಳೆಯ, ಅಂದರೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಮಳೆಯ ದಿನಗಳು. ಒಂದು ತೋಟಕ್ಕೆ ಒಂದು ಇಂಚು ಬಿದ್ದರೆ ಹಳ್ಳದಾಚೆಯ ತೋಟಕ್ಕೆ ಹತ್ತು ಸೆಂಟು ಬಿದ್ದಿರುತ್ತದೆ, ಅದಕ್ಕೂ ಆಚೆ ಬರೀ ಗುಡುಗು. ಬಿದ್ದದ್ದು ಸಾಕೇ, ಸ್ಪ್ರಿಂಕ್ಲರ್ ಹಾಕಬೇಕೇ, ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯಬಹುದೇ? ರೊಬಸ್ಟಾ ಬೆಳೆಗಾರನಿಗೆ ಆ ದಿನಗಳಲ್ಲಿ ನಿದ್ದೆ ಕೆಡಿಸುವ ಪ್ರಶ್ನೆಗಳು ಇವೇ, ವರ್ಷದ ಫಸಲು ಇದರ ಮೇಲೆ ನಿಂತಿರುತ್ತದೆ. ಇಪ್ಪತ್ತು ಗ್ರಾಮಗಳಿಂದ ಇಪ್ಪತ್ತು ಸದಸ್ಯರು ಬೆಳಿಗ್ಗೆ ಎಂಟರೊಳಗೆ ಸಂಘದ ನಂಬರಿಗೆ ‘ನಮ್ಮಲ್ಲಿ 85 ಸೆಂಟ್’ ಎಂದು ಕಳುಹಿಸಲಿ. ಕಚೇರಿಯ ಹೆಣ್ಣುಮಗಳು ಒಂಬತ್ತಕ್ಕೆ ಎಲ್ಲವನ್ನೂ ಒಂದು ಪಟ್ಟಿ ಮಾಡಿ ಗುಂಪಿಗೆ ಹಾಕಲಿ. ಕಾಲು ಗಂಟೆಯ ಕೆಲಸ. ಯಾವ ಹವಾಮಾನ ಆ್ಯಪ್ಪೂ ಇದನ್ನು ಕೊಡಲಾರದು. ಇನ್ನೊಂದು ಲಾಭವಿದೆ: ಆ ಇಪ್ಪತ್ತು ಮಂದಿ ಸಂಘಕ್ಕೆ ಏನನ್ನೋ ಕೊಡುತ್ತಿರುವವರಾಗುತ್ತಾರೆ. ಕೊಡುವ ಅಭ್ಯಾಸವಾದವರು ಚಂದಾಕ್ಕೆ ಹಿಂದೇಟು ಹಾಕುವುದನ್ನು ನಾನು ಕಂಡಿಲ್ಲ.

ಎರಡನೆಯದು ತೋಟಕ್ಕೆ ನುಗ್ಗುವ ಕಾಡಾನೆ. ಆಲೂರು, ಸಕಲೇಶಪುರ, ಮೂಡಿಗೆರೆ ಸುತ್ತ ಇದರ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ಒಂದು ಸಂಘದ ಗುಂಪಿನಲ್ಲಿ ನಾನೂ ಇದ್ದೆ. ಒಂದು ಬೆಳಿಗ್ಗೆ ಶುಭೋದಯದ ಗುಲಾಬಿ ಹೂಗಳು, ಒಂದು ಗೃಹಪ್ರವೇಶದ ಆಮಂತ್ರಣ, ಯಾರದೋ ರಾಜಕೀಯ ವಿಡಿಯೊ, ಇವುಗಳ ನಡುವೆ ‘ಕೆರೆ ಏರಿ ಪಕ್ಕ ಎರಡು ಆನೆ ಇವೆ, ಕೆಲಸದವರನ್ನು ಕಳಿಸಬೇಡಿ’ ಎಂಬ ಒಂದು ಸಾಲು ಮುಳುಗಿಹೋಗಿತ್ತು. ನಾನು ಅದನ್ನು ಓದಿದ್ದು ಮಧ್ಯಾಹ್ನ. ಅವತ್ತು ಯಾರಿಗೂ ಏನೂ ಆಗಲಿಲ್ಲ ಎಂಬುದು ಅದೃಷ್ಟ. ‘ಯಾರೂ ಓದುವುದಿಲ್ಲ’ ಎಂದು ನೀವು ಬರೆದಿದ್ದೀರಿ. ಓದುವಂಥದ್ದನ್ನು ಹೂವಿನ ರಾಶಿಯಡಿ ಹೂತಿಟ್ಟರೆ ಯಾರು ಓದುತ್ತಾರೆ?

ಗುಂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು ಎಂದು ಮಾಡಿ. ಒಂದು ಗುಂಪಿನಲ್ಲಿ 1,024 ಮಂದಿ ಇರಬಹುದಾದ್ದರಿಂದ ನಿಮಗೆ ಒಂದೇ ಸಾಕು. ಹರಟೆಗೆ ಬೇಕಾದರೆ ಬೇರೆ ಗುಂಪು ಇರಲಿ, ಅದರ ಉಸಾಬರಿ ಕಚೇರಿಗೆ ಬೇಡ. ಮೊದಲ ವಾರ ಹಿರಿಯರು ಮುನಿಸಿಕೊಳ್ಳುತ್ತಾರೆ, ಅವರ ಶುಭೋದಯಕ್ಕೆ ಜಾಗವಿಲ್ಲವೆಂದು. ಮನೆಗೆ ಹೋಗಿ ಕಾಫಿ ಕುಡಿದು ಸಮಾಧಾನ ಮಾಡಿ ಬನ್ನಿ. ಆನೆಯ ಸುದ್ದಿ ಹಾಕಲು ಪ್ರತಿ ಗ್ರಾಮಕ್ಕೊಬ್ಬ ನಂಬಿಗಸ್ತರನ್ನು ಅಡ್ಮಿನ್ ಮಾಡಿ. ಕಣ್ಣಾರೆ ಕಂಡದ್ದು, ಜಾಗ, ಸಮಯ ಇಷ್ಟು ಬರೆಯಲಿ, ಫಾರ್ವರ್ಡ್ ಬೇಡ.

ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ ಎಂದು ಕೆಲವರು ಹೇಳಬಹುದು. ಒಂದು ಪಟ್ಟಿಗೆ 256 ಮಂದಿಯ ಮಿತಿ ಇದೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ರಸೀದಿ ಕೊಡುವಾಗಲೇ ‘ಸಂಘದ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಎದುರಿಗೇ ಮಾಡಿಸುವುದು ಒಳ್ಳೆಯದು. ಸಿಗ್ನಲ್ ಇಲ್ಲದ ಕಣಿವೆಯ ತೋಟಗಳಿಗೆ, ಮೊಬೈಲ್ ಮುಟ್ಟದ ಹಿರಿಯರಿಗೆ 50 ಪೈಸೆಯ ಅಂಚೆ ಕಾರ್ಡು ಇನ್ನೂ ಇದೆ. ವರ್ಷಕ್ಕೆ ಎರಡು ಬರೆಯಿರಿ.

ಸಂದೇಶದ ಭಾಷೆಯನ್ನೂ ಸ್ವಲ್ಪ ಬದಲಿಸಿ. ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿ, ಅದರ ಫೋಟೊ ತೆಗೆದು, ಸೊಟ್ಟಗಿನ ಆ ಫೋಟೊವನ್ನು ಗುಂಪಿಗೆ ಹಾಕುವುದು ನಮ್ಮ ಸಂಘಗಳ ಪರಂಪರೆ. ‘ಸಂಘದ ಎಲ್ಲ ಮಾನ್ಯ ಸದಸ್ಯರಲ್ಲಿ ಈ ಮೂಲಕ ಕೋರಿಕೊಳ್ಳುವುದೇನೆಂದರೆ, ಪ್ರಸಕ್ತ ಸಾಲಿನ ವಾರ್ಷಿಕ ಚಂದಾ ಬಾಕಿ ಉಳಿಸಿಕೊಂಡಿರುವವರು ಕೂಡಲೇ ಪಾವತಿಸಿ ಸಹಕರಿಸಬೇಕಾಗಿ...’ ಇಷ್ಟು ಓದುವಷ್ಟರಲ್ಲಿ ಹೆಬ್ಬೆರಳು ಮುಂದಿನ ಸಂದೇಶಕ್ಕೆ ಹೋಗಿರುತ್ತದೆ. ಹೀಗೆ ಬರೆದರೆ? ‘ಮಂಗಳವಾರ ಬೆಳಿಗ್ಗೆ 10ರಿಂದ 1ರವರೆಗೆ ಕಚೇರಿಯಲ್ಲಿ ಯುರೋಪಿನ ಹೊಸ ನಿಯಮದ ನೋಂದಣಿಗೆ ನೆರವು. ಪಹಣಿ, ಆಧಾರ್, ಒಟಿಪಿ ಬರುವ ಮೊಬೈಲ್ ತನ್ನಿ. ಈ ವರ್ಷದ ಚಂದಾ ಕಟ್ಟಿದವರಿಗೆ ಮೊದಲ ಸರದಿ.’ ಚಂದಾ ಕೊಡಿ ಎಂದು ಎಲ್ಲೂ ಬೇಡಿಲ್ಲ.

ಆ ನೋಂದಣಿಯ ವಿಷಯ ಸುಮ್ಮನೆ ಉದಾಹರಣೆಗೆ ಹೇಳಿದ್ದಲ್ಲ. ನಮ್ಮ ಕಾಫಿಯ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರಲ್ಲೂ ಇಟಲಿ, ಜರ್ಮನಿಯಂತಹ ದೇಶಗಳಿಗೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಅದನ್ನು ತೋರಿಸಲು ತೋಟದ ಭೌಗೋಳಿಕ ಗುರುತು ಬೇಕು. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಿನ ಗಡಿರೇಖೆ. ಚಿಕ್ಕದಾದರೆ ಒಂದು ಬಿಂದು ಸಾಕು. ಜಾರಿಯ ಗಡುವು ಎರಡು ಸಲ ಮುಂದಕ್ಕೆ ಹೋಗಿರುವುದರಿಂದ ಜನ ಉದಾಸೀನರಾಗಿದ್ದಾರೆ. ಕಾಫಿ ಮಂಡಳಿ ಇದಕ್ಕಾಗಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ನಡೆಸುತ್ತಿದೆ. ಮೂರು ಎಕರೆಯ ಬೆಳೆಗಾರನಿಗೆ, ಎಪ್ಪತ್ತು ವಯಸ್ಸಿನ ಒಂಟಿ ಹೆಂಗಸಿಗೆ ಅದನ್ನು ತೆರೆದು ತುಂಬಲು ಯಾರಾದರೂ ಪಕ್ಕದಲ್ಲಿ ಕೂರಬೇಕು. ವಾರಕ್ಕೆ ಮೂರು ಗಂಟೆ ಕೂರಿ. ಸಂಘ ಮಾಡಬೇಕಾದ ಕೆಲಸವೆಂದರೆ ಇದೇ.

ಚಂದಾ ಕೇಳುವ ಕಾಲದ ಬಗ್ಗೆಯೂ ಒಂದು ಮಾತು. ನಿಮ್ಮ ನೋಟಿಸು ಜೂನ್, ಜುಲೈನಲ್ಲಿ ಹೋಗುತ್ತದೆ ಎಂದು ನನ್ನ ಊಹೆ, ಏಕೆಂದರೆ ಲೆಕ್ಕಪತ್ರ ಸಿದ್ಧವಾಗುವುದು ಆಗ. ಮಲೆನಾಡಿನ ಮಳೆಯಲ್ಲಿ ಯಾರು ಪೇಟೆಗೆ ಬರುತ್ತಾರೆ? ಗೊಬ್ಬರಕ್ಕೆ, ಔಷಧಿ ಹೊಡೆಸಲು, ಶಾಲೆಯ ಶುಲ್ಕಕ್ಕೆ ಕೈ ಖಾಲಿಯಾದ ಹೊತ್ತು ಅದು. ಅರೇಬಿಕಾ ಮಾರಿ, ರೊಬಸ್ಟಾ ಕೊಯ್ಲು ಮುಗಿಯುತ್ತ ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿ. ಮಳೆಯ ಪಟ್ಟಿ ಶುರುವಾಗುವುದೂ ಆಗಲೇ. ವಾರ್ಷಿಕ ಮಹಾಸಭೆಯನ್ನು ಮಳೆ ಇಳಿದ ಮೇಲೆ, ಕೊಯ್ಲು ಶುರುವಾಗುವ ಮುನ್ನ ಇಟ್ಟುಕೊಳ್ಳಿ, ಬೈಲಾ ಒಪ್ಪುವುದಾದರೆ ಸೆಪ್ಟೆಂಬರ್‌ನಲ್ಲಿ. ಸಂತೆಯ ದಿನ ಬೇಡ.

ಯುಪಿಐ ಕ್ಯೂಆರ್ ಫಲಕ ಸಂಘದ ಬ್ಯಾಂಕ್ ಖಾತೆಯದ್ದೇ ಆಗಿರಬೇಕು. ಖಜಾಂಚಿಯ ಸ್ವಂತ ನಂಬರಿಗೆ ಹಾಕಿಸಿಕೊಂಡು ಆಮೇಲೆ ಕಟ್ಟುವುದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಒಂದಲ್ಲ ಒಂದು ದಿನ ಜಗಳ ತರುತ್ತದೆ. ಹಣ ಹಾಕುವಾಗ ಟಿಪ್ಪಣಿಯ ಜಾಗದಲ್ಲಿ ಸದಸ್ಯ ಸಂಖ್ಯೆ ಬರೆಯಲು ಹೇಳಿ. ಇಲ್ಲವಾದರೆ ಬ್ಯಾಂಕಿನ ಪಟ್ಟಿಯಲ್ಲಿ ಆರು ಮಂದಿ ಮಂಜುನಾಥರು ಬಂದಾಗ ಯಾವ ಮಂಜುನಾಥ ಎಂದು ಹುಡುಕುತ್ತ ಅರ್ಧ ದಿನ ಹೋಗುತ್ತದೆ.

ಸಭೆಗೆ ಬರುವವರೆಲ್ಲ ಅರವತ್ತು ದಾಟಿದವರು ಎಂದಿರಿ, ಅಂದರೆ ಯುವಕರು ಬರುವುದಿಲ್ಲ. ಬೈಲಾ ತೆಗೆದು ನೋಡಿ, ಸದಸ್ಯರಾಗಲು ಜಮೀನಿನ ಖಾತೆ ತಮ್ಮ ಹೆಸರಿನಲ್ಲಿರಬೇಕು ಎಂದಿರುವ ಸಾಧ್ಯತೆ ಹೆಚ್ಚು. ತೋಟ ನೋಡಿಕೊಳ್ಳುವ ಮೂವತ್ತೈದರ ಮಗನ ಹೆಸರಿನಲ್ಲಾಗಲಿ, ಲೆಕ್ಕವೆಲ್ಲ ಬರೆಯುವ ಸೊಸೆಯ ಹೆಸರಿನಲ್ಲಾಗಲಿ ಪಹಣಿ ಇರುವುದಿಲ್ಲ. ಬಾಗಿಲು ಹಾಕಿಕೊಂಡು ಯಾರೂ ಬರುತ್ತಿಲ್ಲ ಎನ್ನುವುದು ಸರಿಯೇ? ವಿಶೇಷ ಸಭೆ ಕರೆದು ಬೈಲಾ ತಿದ್ದುಪಡಿ ಮಾಡಿ, ನೋಂದಣಾಧಿಕಾರಿಗಳಲ್ಲಿ ದಾಖಲಿಸಿ. ಹಾಗೆ ಬಂದವರನ್ನು ಕುರ್ಚಿ ಜೋಡಿಸಲು ಇಟ್ಟುಕೊಳ್ಳಬೇಡಿ. ಮಳೆಯ ಪಟ್ಟಿ, ನೋಂದಣಿಯ ಮಂಗಳವಾರ, ಇಂಥ ಒಂದು ಪೂರ್ತಿ ಕೆಲಸವನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ. ಸುಮ್ಮನಿರುವುದು ಹಿರಿಯರಿಗೆ ಕಷ್ಟ, ನನಗೂ ಕಷ್ಟವಾಗಿತ್ತು.

ಕಾನೂನಿನ ಎರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾದ ಸಂಘವಾದರೆ ಮಹಾಸಭೆಯಾದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪರಿಶೋಧಿತ ಆಯವ್ಯಯವನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಿಂದಿನ ವರ್ಷಗಳದ್ದು ಸಲ್ಲಿಕೆಯಾಗಿದೆಯೇ ಎಂದು ಇವತ್ತೇ ಕಡತ ನೋಡಿ. ಎರಡನೆಯದು, ಔಷಧಿ ಕಂಪನಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಸದಸ್ಯರ ಫೋನ್ ಪಟ್ಟಿ ಕೇಳುತ್ತಾರೆ. ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಸೌಜನ್ಯದ ಮಾತಾಗಿ ಉಳಿದಿಲ್ಲ.

ಈಗ ಆ್ಯಪ್. 1.8 ಲಕ್ಷ ಮೊದಲ ವರ್ಷದ್ದು. ಎರಡನೆಯ ವರ್ಷದಿಂದ ನಿರ್ವಹಣೆಗೆ ಎಷ್ಟು, ಸದಸ್ಯರ ಮಾಹಿತಿ ಯಾರ ಸರ್ವರಿನಲ್ಲಿರುತ್ತದೆ, ಬಿಟ್ಟುಬಿಡುತ್ತೇವೆ ಎಂದರೆ ಆ ಮಾಹಿತಿಯನ್ನು ಎಕ್ಸೆಲ್ ಕಡತವಾಗಿ ಹಿಂದಿರುಗಿಸುತ್ತೀರಾ ಎಂದು ಕೇಳಿ ನೋಡಿ. ಉತ್ತರ ತಡವರಿಸಬಹುದು. ಎಲ್ಲಕ್ಕೂ ಒಪ್ಪಿದರೂ ಅದರೊಳಗೆ ಹಾಕಲು ನಿಮ್ಮ ಬಳಿ ಇರುವುದು ತಪ್ಪು ನಂಬರುಗಳ ಪಟ್ಟಿ. ತೀರಿಕೊಂಡವರ ಹೆಸರು ಪುಸ್ತಕದಿಂದ ಮೊಬೈಲಿಗೆ ಬರುತ್ತದೆ, ಅಷ್ಟೆ. ಎರಡು ವರ್ಷ ಬಿಟ್ಟು, ಶೀಟ್ ಸರಿಯಿದ್ದು, ಅದು ಸಾಲದೆ ಹೋದರೆ ಆಗ ನೋಡೋಣ.

ಅಧ್ಯಕ್ಷರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ‘ಬೇಡ’ ಎಂದು ಸಭೆಯಲ್ಲಿ ಎಲ್ಲರೆದುರು ಹೇಳಬೇಡಿ. ಸಂಘಕ್ಕೆ ಏನಾದರೂ ಹೊಸದು ಆಗಬೇಕೆಂಬ ಅವರ ಆಸೆ ತಪ್ಪಲ್ಲ. ಪಟ್ಟಿ ಶುದ್ಧವಾದ ಮೇಲೆ ಚಂದಾ ನಿಲ್ಲಿಸಿದವರಲ್ಲಿ ಇಪ್ಪತ್ತೈದು ಹೆಸರನ್ನು ಅವರಿಗೆ ಕೊಡಿ, ಉಳಿದದ್ದನ್ನು ನಿರ್ದೇಶಕರಿಗೆ ಹಂಚಿ. ಅಧ್ಯಕ್ಷರೇ ಫೋನ್ ಮಾಡಿ ‘ಯಾಕೆ ಬರುತ್ತಿಲ್ಲ ಗೌಡರೇ?’ ಎಂದು ಕೇಳಲಿ, ಚಂದಾದ ಮಾತು ಎತ್ತದಿರಲಿ, ಕೇಳಿದ್ದನ್ನು ಒಂದು ಸಾಲಿನಲ್ಲಿ ಬರೆದಿಡಲಿ. ಆ ಇಪ್ಪತ್ತೈದು ಸಾಲುಗಳನ್ನು ಮುಂದಿನ ಸಭೆಯಲ್ಲಿ ಅವರೇ ಓದಬೇಕು. ಅವರ ತೋಟದಲ್ಲೂ ಮಳೆಮಾಪಕ ಇದ್ದೇ ಇರುತ್ತದೆ. ಮೊದಲ ಹೂಮಳೆಯ ಮರುದಿನ ಬೆಳಿಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿ ಅವರ ತೋಟದ ಅಳತೆಯೇ ಬರಲಿ.